ಬಿ ಎ ಎಲ್ ಇ

ಪಿತೃಪಕ್ಷ ಹುಟ್ಟಿ ಐದು ದಿನವಾಗಿತ್ತು. ಮಳೆ ಇನ್ನೇನು ಹೋಯಿತು ಎನ್ನುವಾಗ ಒಂದು ಸಲ ಬಂದು ಹಣಕಿ ಹೋಗುತ್ತಿತ್ತು. ಉಳಿದ ಹೊತ್ತೆಲ್ಲ ಅಂಗಿ ಬೆನ್ನಿಗೆ ಅಂಟುವಂಥ ಸೆಕೆ. ವಡಾಲ ಸ್ಟೇಶನ್ನಿನ ಹೊರಗಿನ ಆ ಹೋಟೆಲಿನಲ್ಲಿ ಮೂರನೆಯ ಸಲದ ಇಡ್ಲಿ ಇಳಿದಿತ್ತು, ಒಳಗೆ ಗ್ರೈಂಡರು ಮಧ್ಯಾಹ್ನದ ಹಿಟ್ಟು ಅರೆಯುತ್ತಿತ್ತು, ಲೋಕಲ್ ಹಿಡಿಯುವ ಜನ ನಿಂತಲ್ಲೇ ಚಹಾ ಕುಡಿದು ಗಲ್ಲಾದ ಮೇಲೆ ಚಿಲ್ಲರೆ ಎಸೆದು ಓಡುತ್ತಿದ್ದರು. ಶಿರಾ ಮಾತ್ರ ತಟ್ಟೆಯಲ್ಲಿ ಹಾಗೇ ಕೂತಿತ್ತು. ಈ ಹದಿನೈದು ದಿನ ಹೊಸ ಬಟ್ಟೆ ಕೊಳ್ಳದ ಜನ ಸಿಹಿಗೂ ಕೈ ಹಾಕುವುದಿಲ್ಲ. ಸತ್ತವರಿಗೆ ಕಾಗೆಯ ಮೂಲಕ ಉಣಿಸುವವರು ತಾವು ಶಿರಾ ತಿಂದರೆ ಏನಾದೀತು ಎಂದು ಗಲ್ಲಾದಲ್ಲಿ ಕೂತ ರಾಮನಾಥ ಪ್ರತಿ ವರ್ಷ ನಗುತ್ತಿದ್ದ. ಈ ವರ್ಷ ನಗು ಬಂದಿರಲಿಲ್ಲ. ಕೂತವನು ಎದ್ದ, ಒಳಗೆ ಹೋಗಿ ಗ್ರೈಂಡರಿನ ಮುಂದೆ ನಿಂತ, ಏಕೆ ಬಂದೆ ಎಂದು ತಿಳಿಯದೆ ತಿರುಗಿ ಬಂದು ಕೂತ. ಅಂಗಿಯ ಜೇಬಿನಲ್ಲಿ ಮೂರು ದಿನದ ಹಿಂದೆ ಬಂದ ಇನ್‌ಲ್ಯಾಂಡ್ ಕಾಗದ ಬೆವರಿಗೆ ಮೆತ್ತಗಾಗಿತ್ತು.

ಕಾಗದ ಊರಿನಿಂದ, ಸೇವಂತಿಯದು. ಬರೆದದ್ದು ಅವಳಲ್ಲ, ಶಾಲೆಯ ಟೀಚರು. ಗುಂಡು ಗುಂಡಾದ ಅಕ್ಷರದಲ್ಲಿ, ಪರೀಕ್ಷೆಯ ಉತ್ತರದ ಹಾಗೆ. ದೊಡ್ಡ ಮಗಳಿಗೆ ಸಂಬಂಧ ಕೂಡಿಬಂದಿದೆ, ದೀಪಾವಳಿ ಕಳೆದು ಮದುವೆ. ಗಂಡ ಕೊರಗಪ್ಪ ಎಲ್ಲಿದ್ದಾರೆಂದು ಜೋಯಿಸರಲ್ಲಿ ಪ್ರಶ್ನೆ ಇಟ್ಟೆವು. ಇದ್ದಾರೆ, ಪಡುವಣ ದಿಕ್ಕಿನಲ್ಲಿದ್ದಾರೆ ಎಂದು ಬಂತು. ನಿಮಗೆ ಎಲ್ಲಿಯಾದರೂ ಕಂಡರೆ ಮಗಳ ಧಾರೆಗೆ ಒಂದು ದಿನದ ಮಟ್ಟಿಗಾದರೂ ಬರಲು ಹೇಳಬೇಕು, ನಾನು ಏನೂ ಕೇಳುವುದಿಲ್ಲ ಎಂದು ಹೇಳಬೇಕು. ಆ ಊರಿನ ಪಡುವಣದಲ್ಲಿ ಸಮುದ್ರವಲ್ಲದೆ ಬೇರೇನಿದೆ ಎಂದು ರಾಮನಾಥ ಮೊದಲ ಸಲ ಓದಿದಾಗ ಅಂದುಕೊಂಡ. ಜೋಯಿಸರ ಕವಡೆಯ ಮೇಲೆ ಹುಟ್ಟಿದ ಸಿಟ್ಟು ಅದು, ಆದರೆ ಹೆಚ್ಚು ಹೊತ್ತು ನಿಲ್ಲಲಿಲ್ಲ. ಕೊರಗಪ್ಪ ಸತ್ತು ನಾಲ್ಕು ವರ್ಷವಾಯಿತು ಎಂಬುದು ಗೊತ್ತಿದ್ದದ್ದು ಅವನೊಬ್ಬನಿಗೆ. ಕವಡೆಯನ್ನು, ಕಾಗೆಯನ್ನು, ಮೈಮೇಲೆ ಬರುವುದನ್ನು ಯಾವುದನ್ನೂ ನಂಬದ ತನಗೇ ಈ ತಿಳಿವಳಿಕೆ ಬಂದು ಸೇರಬೇಕಿತ್ತೆ?

ಆಗಲೂ ಇದೇ ಹೋಟೆಲು. ಗ್ರೈಂಡರು ಇರಲಿಲ್ಲ, ಕಲ್ಲಿನಲ್ಲಿ ಅರೆಯುತ್ತಿದ್ದದ್ದು ಕೊರಗಪ್ಪ. ವಯಸ್ಸಿನಲ್ಲಿ ರಾಮನಾಥನಿಗಿಂತ ಹತ್ತು ವರ್ಷ ದೊಡ್ಡವನು, ಆದರೆ ಗಲ್ಲಾದಲ್ಲಿ ಕೂತವನೆಂಬ ಮರ್ಯಾದೆಗೆ ಅಣ್ಣೆರೆ ಎಂದೇ ಕರೆಯುತ್ತಿದ್ದ. ಮಧ್ಯಾಹ್ನದ ಗಡಿಬಿಡಿ ಇಳಿದ ಮೇಲೆ ಅಡಿಗೆ ಮನೆಯ ಬಾಗಿಲಲ್ಲಿ ನಿಂತು, ಮೊಣಕೈತನಕ ಹಿಟ್ಟು ಮೆತ್ತಿದ ಕೈಯನ್ನು ದೂರ ಹಿಡಿದು, "ಬಲೆ ಅಣ್ಣೆರೆ, ಚಾ ಆತ್ಂಡ್" ಎಂದು ಕರೆಯುವನು. ಬನ್ನಿ ಅಣ್ಣ, ಚಹಾ ಆಯಿತು. ಆ ಆಗಸ್ಟಿನಲ್ಲಿ ಕಣ್ಣು ಹಳದಿಯಾಗಿ, ಮೂರು ದಿನ ಅನ್ನ ನಿಲ್ಲದೆ, ಮುನಿಸಿಪಾಲಿಟಿಯ ಆಸ್ಪತ್ರೆಗೆ ಸೇರಿಸಿದ್ದಾಯಿತು. ಸೇರಿಸಿ ಬಂದವನು ರಾಮನಾಥನೇ. ಆಮೇಲೆ ವೇಟರ್ ಪೂವಪ್ಪ ಗಂಜಿ ಕೊಟ್ಟು ಬರುತ್ತಿದ್ದ. "ಕೊರಗಪ್ಪಣ್ಣ ನಿಮ್ಮನ್ನು ಒಮ್ಮೆ ಬರಲಿಕ್ಕೆ ಹೇಳಿದ್ರು." ಒಂದು ದಿನ ಗಣೇಶನ ಹಬ್ಬದ ನೂಕುನುಗ್ಗಲು. ಇನ್ನೊಂದು ದಿನ ಯಾವುದೋ ಇನ್‌ಸ್ಪೆಕ್ಟರು. ಮೂರನೆಯ ಸಲ ಹೊರಟೇ ಹೊರಟ, ಲೋಕಲ್ ಹತ್ತಿದ, ಎರಡು ಸ್ಟೇಶನ್ ಹೋಗಿ ಇಳಿದುಬಿಟ್ಟ. ಹೋದರೆ ಏನು ಕೇಳುತ್ತಾನೆಂದು ಗೊತ್ತಿತ್ತು. ಊರಿಗೆ ಕರಕೊಂಡು ಹೋಗಿ ಎನ್ನುತ್ತಾನೆ. ಇಲ್ಲ ಎನ್ನಲು ಬಾಯಿ ಬರುವುದಿಲ್ಲ, ಹೂಂ ಎಂದರೆ ರಜೆ, ಬಸ್ಸು, ಒಂದು ಹಗಲು ಒಂದು ರಾತ್ರಿ ವಾಂತಿಯ ಬಕೆಟ್ಟು. ಎದುರು ಪ್ಲಾಟ್‌ಫಾರ್ಮಿನಲ್ಲಿ ನಿಂತು, ವಾಪಸು ಗಾಡಿಗೆ ಕಾಯುತ್ತ, ಒಂದು ವಡಾಪಾವ್ ತಿಂದಿದ್ದ. ಅದರ ಬೆಳ್ಳುಳ್ಳಿ ಚಟ್ನಿಯ ರುಚಿ ಈಗಲೂ ನಾಲಿಗೆಯಲ್ಲಿತ್ತು. ಆಮೇಲೆ ನಾಲ್ಕು ದಿನ ಪೂವಪ್ಪನಿಗೂ ಬಿಡುವಾಗಲಿಲ್ಲ, ಐದನೆಯ ದಿನ ತಾನೇ ಹೋದರೆ ಮಂಚದ ಮೇಲೆ ಬೇರೆ ಯಾರೋ ಮೋಸಂಬಿ ಸುಲಿಯುತ್ತಿದ್ದ. ವಾರ್ಡ್‌ಬಾಯ್ ಹೇಳಿದ: "ವೋ ತೋ ಗಯಾ. ದೋ ದಿನ್ ರಖಾ, ಕೋಯಿ ಆಯಾ ನಹೀ."

ಅವನು ಹೋದ. ಎರಡು ದಿನ ಇಟ್ಟುಕೊಂಡೆವು, ಯಾರೂ ಬರಲಿಲ್ಲ. ರಾಮನಾಥ ಹೋಟೆಲಿಗೆ ಬಂದು, ಹುಷಾರಾಯಿತು, ಊರಿನ ಬಸ್ಸು ಹತ್ತಿಸಿ ಬಂದೆ ಎಂದ. ಆರು ತಿಂಗಳ ಮೇಲೆ ಸೇವಂತಿಯ ಮೊದಲ ಕಾಗದ ಬಂದಾಗ ಪೂವಪ್ಪ ಕೆಲಸ ಬಿಟ್ಟು ಮಲಾಡಿನ ಯಾವುದೋ ಹೋಟೆಲಿಗೆ ಸೇರಿದ್ದ, ಕೇಳುವವರಿರಲಿಲ್ಲ. ಉತ್ತರ ಬರೆದ: ಕೊರಗಪ್ಪ ಇಲ್ಲಿಂದ ಹೋದ, ಎಲ್ಲಿಗೆಂದು ತಿಳಿಯದು. ಬರೆದು ಮುಗಿಸಿದ ಮೇಲೆ ಎರಡೆರಡು ಸಲ ಓದಿಕೊಂಡಿದ್ದ. ಒಂದು ಅಕ್ಷರವೂ ಸುಳ್ಳಿರಲಿಲ್ಲ. ವಾರ್ಡ್‌ಬಾಯ್ ಹಿಂದಿಯಲ್ಲಿ ಹೇಳಿದ್ದನ್ನೇ ಕನ್ನಡದಲ್ಲಿ ಬರೆದದ್ದು. ಸತ್ತವರು ಎಲ್ಲಿಗೆ ಹೋಗುತ್ತಾರೆಂದು ಯಾರಿಗೆ ತಿಳಿದಿದೆ? ಆ ವಾಕ್ಯದ ಜಾಣತನಕ್ಕೆ ಆಗ ಒಳಗೊಳಗೇ ಒಂದು ಹೆಮ್ಮೆಯೂ ಆಗಿತ್ತೆಂಬುದು ನೆನಪಾಗಿ ಈಗ ಗಲ್ಲಾದ ಮುಂದೆ ನಿಂತವನಿಗೆ ಚಿಲ್ಲರೆ ಹೆಚ್ಚು ಕೊಟ್ಟುಬಿಟ್ಟ.

ಅಂದು ಬುಧವಾರ, ಅವನಿಗೆ ಅರ್ಧ ದಿನ. ಆಂಟಾಪ್ ಹಿಲ್‌ನ ಬಿಲ್ಡಿಂಗಿನ ಮೆಟ್ಟಿಲು ಹತ್ತುವಾಗ ಎರಡನೆಯ ಮಾಳಿಗೆಯ ಬಾಗಿಲು ತೆರೆದೇ ಇತ್ತು. ಅಲ್ಲಿ ಮೈಸೂರಿನ ಕಡೆಯ ರಾಮಸ್ವಾಮಿ, ಇನ್ಶೂರೆನ್ಸ್ ಆಫೀಸಿನಿಂದ ರಿಟೈರಾದವರು, ಹೆಂಡತಿ ಸುಬ್ಬಲಕ್ಷ್ಮಿಯೊಡನೆ ಕೂತು ಕೇರಮ್ ಬೋರ್ಡಿನ ಮೇಲೆ ಸುತ್ತಲೂ ಇಂಗ್ಲಿಷಿನ ಇಪ್ಪತ್ತಾರು ಅಕ್ಷರಗಳ ಚೀಟಿ ಅಂಟಿಸುತ್ತಿದ್ದರು. ಸತ್ತವರನ್ನು ಕರೆಸಿ ಮಾತಾಡಿಸುವುದು ಅವರಿಗೆ ಎರಡು ವರ್ಷದಿಂದ ಹತ್ತಿದ ಹುಚ್ಚು. ಅದಕ್ಕೆ ರಾಮನಾಥನ ಹೆಂಡತಿ ವಾರಿಜಾ ಈಗ ಬಲಿಯಾಗಿ, ಆಗಲೇ ಬಂದು ಪಕ್ಕದಲ್ಲಿ ಕೂತಿದ್ದಳು. ಹೋದ ವರ್ಷ ತೀರಿಕೊಂಡ ಅತ್ತೆಯನ್ನು ಕರೆಸಬೇಕು ಅವಳಿಗೆ. ಹನ್ನೊಂದು ತಿಂಗಳು ಹಾಸಿಗೆ ಹಿಡಿದ ಮುದುಕಿಯನ್ನು ಆ ಒಂದೂವರೆ ಕೋಣೆಯಲ್ಲಿ ಎತ್ತಿ ಇಳಿಸಿ ಮಾಡಿದವಳು ಅವಳೇ, ಮುದುಕಿ ಬಾಯಿ ತೆರೆದದ್ದು ಮಾತ್ರ ಕೈಯ ಬಳೆ ಸಡಿಲಾಯಿತು, ಸೊಸೆ ಬದಲಾಯಿಸಿದ್ದಾಳೆ ಎನ್ನಲಿಕ್ಕೆ. "ಒಂದು ಒಳ್ಳೆ ಮಾತು ಹೇಳಿದ್ರೆ ಸಾಕು," ಎಂದಿದ್ದಳು ವಾರಿಜಾ, "ಇಂಗ್ಲಿಷಿನಲ್ಲಾದರೂ ಆಗಲಿ." ರಾಮನಾಥ ಇಷ್ಟು ವರ್ಷ ಅವಳ ಹರಕೆ, ದರ್ಶನಗಳಿಗೆಲ್ಲ ಗೇಲಿ ಮಾಡಿದವನು, ಈ ಸಲ ಸುಮ್ಮನೆ ಒಪ್ಪಿದ. ಏಕೆ ಒಪ್ಪಿದೆ ಎಂದು ತನ್ನನ್ನೇ ಕೇಳಿಕೊಳ್ಳಲಿಲ್ಲ.

"ಬನ್ನಿ ಬನ್ನಿ," ಎಂದರು ರಾಮಸ್ವಾಮಿ. "ನಂಬಿ ಅಂತ ನಾನು ಹೇಳೋಲ್ಲ ರಾಮನಾಥ್. ನೀವು ವಿಚಾರವಾದಿ, ಗೊತ್ತು ನಂಗೆ. ಬೆರಳಿಡಿ, ಅಷ್ಟೆ. ಒತ್ತಬೇಡಿ."

"ಕನ್ನಡದಲ್ಲಿ ಬರೆಯಬಾರದಿತ್ತೆ?"

"ಅಯ್ಯೋ, ಕಾಗುಣಿತ, ಒತ್ತಕ್ಷರ ಎಲ್ಲ ಹಿಡಿಸೋಕೆ ಊಟದ ಟೇಬಲ್ಲೇ ಬೇಕಾಗತ್ತೆ! ಇವಳ ಮಾವ, ಅಂದ್ರೆ ನಮ್ಮ ತಂದೆ, ಇಂಗ್ಲಿಷಲ್ಲೇ ಬರ್ತಾರೆ. ಮೊನ್ನೆ ನನ್ನ ಸ್ಪೆಲಿಂಗ್ ತಿದ್ದಿದ್ರು."

"ನಮ್ಮ ಅತ್ತೆಯದು ಹೆಬ್ಬೆಟ್ಟು," ಎಂದಳು ವಾರಿಜಾ ಆತಂಕದಿಂದ.

"ಹೋದ್ಮೇಲೆ ಎಲ್ಲ ಭಾಷೆನೂ ಬರತ್ತಮ್ಮಾ."

"ಹಾಗಾದ್ರೆ ಹೋಗೋ ತನಕ ನಿಮಗೆ ಮರಾಠಿ ಬರಲ್ಲ ಬಿಡಿ," ಎಂದು ಸುಬ್ಬಲಕ್ಷ್ಮಿ ಗಂಡನನ್ನು ಚುಚ್ಚಿ, ಕಿಟಕಿಯ ಪರದೆ ಎಳೆದು, ಊದುಬತ್ತಿ ಹಚ್ಚಿದರು. ಬೋರ್ಡಿಗೆ ಪೌಡರು ಉದುರಿಸಿ, ನಡುವೆ ಔಷಧಿ ಕುಡಿಯುವ ಪುಟ್ಟ ಗಾಜಿನ ಗ್ಲಾಸು ಬೋರಲು ಹಾಕಿದರು. ನಾಲ್ಕು ಬೆರಳು ಅದರ ತಲೆಯ ಮೇಲೆ ಕೂತವು. ಹೊರಗೆ ಹಳೆ ಸಾಮಾನು ಕೊಳ್ಳುವ ಭಂಗಾರಿನವನು ಕೂಗುತ್ತ ಹೋದ. ಹೆಪ್ಪಿಟ್ಟ ಹಾಲಿನ ಹಾಗೆ ಹೊತ್ತು ನಿಂತಿತ್ತು. ರಾಮನಾಥ ಎಲ್ಲರ ಉಗುರು ನೋಡಿದ. ಒತ್ತುತ್ತಿರುವವರು ಯಾರೆಂದು ಉಗುರಿನ ಬಣ್ಣದಿಂದ ತಿಳಿದೀತು ಎಂದುಕೊಂಡ. ಆಸ್ಪತ್ರೆಗೆ ಸೇರಿಸಿದ ದಿನ ಕೊರಗಪ್ಪನ ಉಗುರು ಹಳದಿ, ಅದರ ಅಂಚಿನಲ್ಲಿ ಒಣಗಿದ ಉದ್ದಿನ ಹಿಟ್ಟು ಇನ್ನೂ ಉಳಿದಿತ್ತು. ಯಾರೂ ತೊಳೆದಿರಲಿಲ್ಲ. ರಾಮಸ್ವಾಮಿ ವಾರಿಜಾಳ ಅತ್ತೆಯ ಹೆಸರು ಹಿಡಿದು ಮೂರು ಸಲ ಕರೆದರು. ಯಾರಾದರೂ ಬಂದಿದ್ದೀರಾ?

ಗ್ಲಾಸು ಅಲುಗಿತು. ಪೌಡರಿನ ಮೇಲೆ ಇರುವೆ ನಡೆದ ಹಾಗೆ ಮೊದಲು, ಆಮೇಲೆ ಕೈ ಹಿಡಿದು ಎಳೆದ ಹಾಗೆ. ಬಿ. ಅಲ್ಲಿಂದ ಎ. ವಾರಿಜಾಳ ಉಸಿರು ಜೋರಾಯಿತು. ಅಡ್ಡಕ್ಕೆ ಹೋಗಿ ಎಲ್. ಸ್ವಲ್ಪ ತಡೆದು, ಇ. ಅಷ್ಟೆ. ಮತ್ತೆ ಗ್ಲಾಸು ಅಲ್ಲಾಡಲಿಲ್ಲ. ರಾಮನಾಥ ತನ್ನ ಬೆರಳ ತುದಿ ನೋಡಿಕೊಂಡ. ರಕ್ತ ಇಳಿದು ಬೆಳ್ಳಗಾಗಿತ್ತು. ಇತರರದನ್ನು ನೋಡಲು ಹೋದರೆ ಅಷ್ಟರಲ್ಲಿ ಎಲ್ಲರೂ ಕೈ ತೆಗೆದಿದ್ದರು.

"ಬಲೆ," ಎಂದರು ರಾಮಸ್ವಾಮಿ, ಧ್ವನಿ ತಗ್ಗಿಸಿ. "ನೋಡಿ, ಓದದೇ ಇದ್ದವರು. ಸಂಸಾರವೇ ಬಲೆ ಅಂತಿದಾರೆ."

"ನಿಮ್ಮ ತಲೆ. ಬಾಳೆ!" ಎಂದರು ಸುಬ್ಬಲಕ್ಷ್ಮಿ. "ಪಕ್ಷದಲ್ಲಿ ಬಂದವರು ಇನ್ನೇನು ಕೇಳ್ತಾರೆ? ಎಲೆ ಹಾಕಿ ಎಡೆ ಇಟ್ಟಿದೀರೇನ್ರಮ್ಮ ಈ ವರ್ಷ?"

ವಾರಿಜಾ ಸೆರಗನ್ನು ಬಾಯಿಗೆ ಒತ್ತಿಕೊಂಡು ಎದ್ದು, ಚಪ್ಪಲಿ ಮೆಟ್ಟದೆ ಮೇಲಿನ ಮಾಳಿಗೆಗೆ ಹೋಗಿಬಿಟ್ಟಳು. ರಾಮನಾಥ ಅವಳ ಚಪ್ಪಲಿಯನ್ನು ಎತ್ತಿಕೊಂಡು ಹೊರಟ. ರಾಮಸ್ವಾಮಿ ಹಿಂದಿನಿಂದ, "ನೀವು ಒತ್ತಲಿಲ್ಲ ತಾನೆ?" ಎಂದರು. ತಮಾಷೆಗೋ ನಿಜಕ್ಕೋ ತಿಳಿಯಲಿಲ್ಲ. ಹೆಂಡತಿಯ ಚಪ್ಪಲಿ ಕೈಯಲ್ಲಿ ಹಿಡಿದು, ಕಳ್ಳನ ಹಾಗೆ, ಇಲ್ಲ ಎಂದು ತಲೆಯಾಡಿಸಿದ.

ಅವಳು ಅಡಿಗೆಕಟ್ಟೆಯ ಮುಂದೆ ಅಕ್ಕಿ ಆರಿಸಲು ಕೂತಿದ್ದಳು. ಮೊರದ ತುಂಬ ಅಕ್ಕಿ, ಕಲ್ಲಿಲ್ಲದ ಅಕ್ಕಿಯಲ್ಲಿ ಕಲ್ಲು ಹುಡುಕುತ್ತಿದ್ದಳು. "ಬಳೆ," ಎಂದಳು ತಲೆಯೆತ್ತದೆ. "ಸತ್ತ ಮೇಲೂ ಅದೇ. ನಿಮ್ಮ ಅಣ್ಣನ ಹೆಂಡತಿಯ ಕೈಯಲ್ಲಿದೆ, ನಾನು ತೆಗೆದು ಕೊಟ್ಟದ್ದನ್ನು ಹತ್ತು ಜನ ಕಂಡಿದ್ದಾರೆ. ಅಲ್ಲಿ ಹೋಗಿಯೂ ಅವರ ಕಣ್ಣು ತೆರೆಯಲಿಲ್ಲವಲ್ಲ."

"ಅದು ಬೇರೆ ಏನಾದರೂ ಇರಬಹುದು. ಬನ್ನಿ ಅಂತ ಇರಬಹುದು. ನಮ್ಮ ಮಾತಿನಲ್ಲಿ."

ಮನೆಯ ಮಾತು ತುಳು. ವಾರಿಜಾ ತಲೆಯೆತ್ತಿ, ಇಷ್ಟು ತಿಳಿಯದವರ ಹಾಗೆ ಆಡುತ್ತೀರಲ್ಲ ಎಂಬಂತೆ ನೋಡಿದಳು. "ಅತ್ತೆ ಯಾರಿಗೆ ಬಲೆ ಅಂದದ್ದು ಮಾರಾಯ್ರೆ? ಸಣ್ಣವರಿಗೆ ಬಲ, ದೊಡ್ಡವರಿಗೆ ಬಲೆ. ನಿಮಗೂ ಬಲ, ನನಗೂ ಬಲ. ಡಾಕ್ಟರು ಬಂದರೆ ಅವರಿಗೂ ಬಲ ಮಗಾ ಅಂತಿದ್ದರು. ಮಗನನ್ನು ಬನ್ನಿ ಹೋಗಿ ಅನ್ನುವ ತಾಯಿ ಉಂಟಾ?"

ಇಲ್ಲ. ಅಕ್ಕಿಯ ಮೇಲೆ ಅವಳ ಬೆರಳು ಓಡಾಡುವುದನ್ನು ನೋಡುತ್ತ ರಾಮನಾಥ ನಿಂತೇ ಇದ್ದ. ತಾಯಿಯಲ್ಲ. ಅಪ್ಪನೂ ಅಲ್ಲ, ಮಾವನೂ ಅಲ್ಲ. ಸತ್ತವರ ಸಾಲಿನಲ್ಲಿ ತನಗಿಂತ ಚಿಕ್ಕವರಾರೂ ಇರಲಿಲ್ಲ. ಎಲ್ಲರಿಗೂ ಅವನು ಬಲ. ಅವನನ್ನು ಬಲೆ ಎಂದು ಕರೆದು ಸತ್ತವನು ಒಬ್ಬನೇ. ಹಿಟ್ಟಿನ ಕೈ ದೂರ ಹಿಡಿದು ಬಾಗಿಲಲ್ಲಿ ನಿಲ್ಲುತ್ತಿದ್ದವನು. ಒರ ಬಲೆ, ಒಂದು ಸಲ ಬನ್ನಿ ಎಂದು ಪೂವಪ್ಪನ ಬಾಯಲ್ಲಿ ಮೂರು ಸಲ ಹೇಳಿ ಕಳಿಸಿದವನು.

ಕಿಟಕಿಯ ಹತ್ತಿರ ಹೋದ, ತೆರೆದ ಕಿಟಕಿಯನ್ನು ಇನ್ನೊಮ್ಮೆ ತೆರೆಯುವವನ ಹಾಗೆ ತಳ್ಳಿದ. ಗ್ಲಾಸನ್ನು ಅವನು ಒತ್ತಿದ್ದನೆ? ಒತ್ತಿದ್ದರೆ ಒಳ್ಳೆಯದಿತ್ತು, ದೆವ್ವವಿಲ್ಲ. ಆದರೆ ಆಗ ಎಲ್ಲರೆದುರು ಬೋರ್ಡಿನ ಮೇಲೆ ಕೊರಗಪ್ಪನ ಮಾತು ಬರೆದದ್ದು ಅವನ ಬೆರಳೇ ಎಂದಾಯಿತು. ಕೈಯೇ ಕಕ್ಕಿದ್ದನ್ನು ಬಾಯಿ ಎಷ್ಟು ದಿನ ನುಂಗಿಕೊಂಡಿದ್ದೀತು? ಒತ್ತಿಲ್ಲದಿದ್ದರೆ ಕೊರಗಪ್ಪನೇ ಬಂದದ್ದು. ಎರಡರಲ್ಲಿ ಯಾವುದನ್ನು ಹಿಡಿದರೂ ಬಂದು ನಿಲ್ಲುವುದು ಅದೇ ಮಂಚದ ಹತ್ತಿರ, ಮೋಸಂಬಿ ಸುಲಿಯುವವನ ಎದುರು. ಅಪ್ಪ ಸತ್ತಾಗ ಹದಿನಾರನೆಯ ದಿನ ಬೊಜ್ಜ ಎಂಬ ಉತ್ತರಕ್ರಿಯೆಯೆಲ್ಲ ಮುಗಿದು ಮಬ್ಬಾಗುವ ಹೊತ್ತಿಗೆ ಒಳಕೋಣೆಯಲ್ಲಿ ಎಲೆ ಹಾಕಿ ಬಡಿಸಿ ಬಾಗಿಲು ಓರೆ ಮಾಡಿದ್ದರು. ದೊಡ್ಡ ಮಾವ ಅಂಗಳಕ್ಕಿಳಿದು, ಗದ್ದೆಯ ಕಡೆ ಮುಖ ಮಾಡಿ, ಅಪ್ಪನ ಹೆಸರು ಹಿಡಿದು, ಒಳಗೆ ಬಾ, ಹದಿನಾರು ಹಿರಿಯರ ಜೊತೆ ಸೇರು ಎಂದು ಕರೆದ. ಕರೆಯುವಾಗ ಅವನ ಗಂಟಲು ಹುಂಜದ ಹಾಗೆ ಒಡೆದು, ಎಂಟು ವರ್ಷದ ರಾಮನಾಥ ಕಿಸಕ್ಕೆಂದು ನಕ್ಕಿದ್ದ. ಅಮ್ಮ ತಲೆಯ ಮೇಲೆ ಮೊಟಕಿದ್ದಳು. ಹಾಗೆ ಕರೆಯುವ ತನಕ ಸತ್ತವರು ಹೊರಗೇ ನಿಂತಿರುತ್ತಾರೆ, ಮಳೆಯಾದರೂ ಬಿಸಿಲಾದರೂ. ಅಮ್ಮನನ್ನೂ ಹೋದ ವರ್ಷ ಊರಿನಲ್ಲಿ ಅಣ್ಣ ಒಳಗೆ ಕರೆದ, ರಾಮನಾಥನೇ ಹೋಗಿ ನೀರು ಹಿಡಿದಿದ್ದ. ಒಳಗೆ ಸೇರಿದವಳಿಗೆ ಆಂಟಾಪ್ ಹಿಲ್‌ನ ಕೇರಮ್ ಬೋರ್ಡಿನಲ್ಲಿ ಏನು ಕೆಲಸ? ಯಾರ ಹೆಸರು ಹಿಡಿದು ಕರೆದರೂ ಓಗೊಡುವವನು ಹೊರಗೆ ನಿಂತವನೇ. ನಂಬದವನು ನಂಬುವವರ ದಾರಿಯಲ್ಲೇ ಇಷ್ಟು ದೂರ ನಡೆದುಬಂದದ್ದು ಅವನ ಗಮನಕ್ಕೆ ಬಂತು. ನಿಲ್ಲಿಸಲಾಗಲಿಲ್ಲ.

"ಬಂದದ್ದು ಅಮ್ಮ ಅಲ್ಲ," ಎಂದ.

ಹೇಳುವಾಗ ಕಿಟಕಿಗೇ ಮುಖ ಮಾಡಿಕೊಂಡಿದ್ದ. ಆಸ್ಪತ್ರೆ, ಲೋಕಲ್, ವಾರ್ಡ್‌ಬಾಯ್ ಎಲ್ಲವನ್ನೂ ಹೇಳಿದ. ವಡಾಪಾವ್ ಹೇಳಲಿಲ್ಲ. ಜೇಬಿನ ಕಾಗದ ತೆಗೆದು ಅಕ್ಕಿಯ ಮೊರದ ಅಂಚಿಗೆ ಇಟ್ಟ. ಅವಳು ತುಟಿ ಅಲ್ಲಾಡಿಸುತ್ತ ನಿಧಾನಕ್ಕೆ ಓದಿದಳು.

"ಹಾಗಾದರೆ ಬಳೆ ಅಲ್ಲ," ಎಂದಳು ಮೊದಲು. ಮುಖ ಒಂದು ಕ್ಷಣ ಹಗುರಾಯಿತು. ಹಗುರಾದದ್ದಕ್ಕೆ ನಾಚಿಕೊಂಡವಳ ಹಾಗೆ ಕಾಗದವನ್ನು ಮಡಚಿದಳು. ಆಮೇಲೆ ಅದನ್ನು ಅವನ ಕಡೆ ಸರಿಸಿ, "ನಾಲ್ಕು ವರ್ಷ ಆ ಹೆಂಗಸು ದಿನಾ ಕನ್ನಡಿ ಮುಂದೆ ನಿಂತು ಕುಂಕುಮ ಇಟ್ಟುಕೊಂಡಿದ್ದಾಳಲ್ಲ," ಎಂದಳು.

"ಇಟ್ಟುಕೊಳ್ಳಲಿ, ಅಷ್ಟಾದರೂ ಇರಲಿ ಅಂತಲೇ ನಾನು..."

"ಅಂತ ಅಲ್ಲ. ಈಗಲಾದರೂ ಸುಳ್ಳು ಬೇಡ."

"ಕಾಗದ ಬರೆಯುತ್ತೇನೆ. ಇವತ್ತೇ."

"ಓದುವವರು ಯಾರು? ಆ ಟೀಚರು. ಸೇವಂತೀ, ನಿನ್ನ ಗಂಡ ಸತ್ತು ನಾಲ್ಕು ವರ್ಷ ಆಯಿತು ಅಂತ ಅವರು ಓದಿ ಹೇಳಬೇಕು. ಅವರೇನು ಪಾಪ ಮಾಡಿದ್ದಾರೆ?"

ಅವನು ಸ್ಟೂಲಿನ ಮೇಲೆ ಕೂತ. ಮದುವೆ ಒಂದು ಕಳೆದುಹೋಗಲಿ, ಶುಭಕಾರ್ಯದ ಮನೆಗೆ ಈಗ ಇದನ್ನು ಹೊತ್ತು ಹೋಗುವುದೆ ಎಂದ. ಮಾತು ಆಡುತ್ತಿರುವಾಗಲೇ ಅದು ಎರಡು ಸ್ಟೇಶನ್ ಹೋಗಿ ಇಳಿದುಬಿಟ್ಟವನ ಮಾತು ಎಂದು ತಿಳಿಯಿತು. ವಾರಿಜಾಳೂ ಅದನ್ನೇ ಕೇಳಿಸಿಕೊಂಡಿರಬೇಕು. ಅವಳು ದನಿಯೆತ್ತಲಿಲ್ಲ. "ಮದುವೆಗೆ ಮುಂಚೆ ಮನೆಯ ಹಿರಿಯರಿಗೆ ಬಡಿಸುತ್ತಾರಲ್ಲ, ಆಗ ಅವನು ಎಲ್ಲಿ? ಎಲೆ ಇಟ್ಟ ಕೋಣೆಯಲ್ಲಾ, ಉಣ್ಣುವವರ ಪಂಕ್ತಿಯಲ್ಲಾ? ಎರಡೂ ಕಡೆ ಇಲ್ಲ. ನೀವು ನಂಬದಿದ್ದರೆ ಬೇಡ ಮಾರಾಯ್ರೆ. ಅವಳು ನಂಬುತ್ತಾಳೆ. ಹೋಗಿ ಅವಳ ಎದುರು ನಿಂತು ಹೇಳಿ. ಬೈದರೆ ಬೈಸಿಕೊಳ್ಳಿ." ಎಂದು ಮೊರವನ್ನು ಎತ್ತಿ, ಆರಿಸಿದ ಅಕ್ಕಿಯನ್ನು ಡಬ್ಬಿಗೆ ಸುರಿದಳು.

ಮರುದಿನ ಹೋಟೆಲಿನ ಧಣಿಗಳಲ್ಲಿ ಒಂದು ವಾರದ ರಜೆ ಕೇಳಿದ. ಹದಿನೇಳು ವರ್ಷದಲ್ಲಿ ಅಮ್ಮನ ಕ್ರಿಯೆಗೆ ಬಿಟ್ಟು ರಜೆ ಕೇಳದವನು. ಅವರು ಏನೆಂದೂ ಕೇಳದೆ ಹೂಂ ಎಂದರು, ಅದೇ ಅವನಿಗೆ ಹಿಂಸೆಯಾಯಿತು. ಯಾರಾದರೂ ಬೇಡ ಎನ್ನಬೇಕಿತ್ತು. ಮಾಟುಂಗಾದ ರಸ್ತೆಯಲ್ಲಿ ಹೂವಿನವರ ಸಾಲು ದಾಟುವಾಗಲೂ ಕಾಲು ಎರಡು ಸಲ ತಡೆಯಿತು: ಸೇವಂತಿ ಮೊದಲು ಏನು ಕೇಳುತ್ತಾಳೆ, ಯಾವ ದಿನ ಹೋದರು ಎಂದು ಕೇಳಿದರೆ? ಆ ದಿನ ಅವನಿಗೂ ಗೊತ್ತಿರಲಿಲ್ಲ. ಸುಟ್ಟರೋ ಹೂಳಿದರೋ ಎಂದು ಕೇಳಿದರೆ? ಅದೂ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದು ಹೇಳುವುದಕ್ಕಾಗಿ ಅಷ್ಟು ದೂರ ಹೋಗಬೇಕು. ಮಳೆ ಒಂದು ಸಲ ಜೋರಾಗಿ ಬಂದು, ಅವನನ್ನು ಬಸ್ಸಿನ ಆಫೀಸಿನ ತಗಡಿನ ಮಾಡಿನ ಕೆಳಗೆ ತಳ್ಳಿತು.

ಏಜೆಂಟನಿಗೆ ಅವನ ಗುರುತಿತ್ತು, ವಡಾಲದಲ್ಲಿ ಇಳಿದರೆ ಅವನ ಹೋಟೆಲಿನಲ್ಲೇ ತಿಂಡಿ. "ಏನು ರಾಮನಾಥಣ್ಣ, ಊರಿಗಾ? ಪಕ್ಷದಲ್ಲಿ ಮದುವೆ, ಜಂಬರ ಯಾವುದೂ ಇಲ್ಲವಲ್ಲ."

"ಒಂದು ಬೊಜ್ಜ ಉಂಟು."

"ಓ. ಯಾರು ಹೋದದ್ದು?"

"ಕೊರಗಪ್ಪ ಅಂತ."

"ಪಾಪ. ಯಾವಾಗ?"

"ನಾಲ್ಕು ವರ್ಷ ಆಯಿತು."

ಏಜೆಂಟ ಪೆನ್ನೆತ್ತಿದ. ತಮಾಷೆಯೇನೋ ಎಂದು ರಾಮನಾಥನ ಮುಖ ನೋಡಿದ. ನೋಡಿ, ತಮಾಷೆಯಲ್ಲ ಎಂದು ಕಂಡುಕೊಂಡ ಮೇಲೆ ದನಿ ಇಳಿಸಿ, "ನಿಮಗೆ ಏನಾಗಬೇಕು ಅವರು?" ಎಂದು ಕೇಳಿದ.

ಮಾಡಿನ ಅಂಚಿನಿಂದ ನೀರು ಬಿದ್ದು ರಾಮನಾಥನ ಹೆಗಲು ನೆನೆಯುತ್ತಿತ್ತು. ಅವನು ಒಳಗೆ ಸರಿಯಲಿಲ್ಲ.

"ಊರಿನಿಂದ ಕರಕೊಂಡು ಬಂದವನು ನಾನು," ಎಂದ.

ಏಜೆಂಟ ಪುಸ್ತಕದ ಹಾಳೆ ತಿರುವಿ, ಬೆರಳಿಟ್ಟು ಸಾಲುಗಳನ್ನು ನೋಡುತ್ತ ಬಂದು, "ನಾಳೆಗೆ ಹಿಂದಿನ ಸೀಟು ಒಂದೇ ಉಳಿದಿರುವುದು. ಕುಲುಕಾಟ ಜಾಸ್ತಿ. ಆದೀತಾ?" ಎಂದ.

"ಆದೀತು," ಎಂದ ರಾಮನಾಥ. "ಬರೆಯಿರಿ."